ಬೆಂಕಿಕುದುರೆ ವರ್ಷದ ಸೂಲಗಿತ್ತಿ

ಹೋದ ಸಲ ಬೆಂಕಿಕುದುರೆ ವರ್ಷ ಬಂದಾಗ ನಮ್ಮ ಕುರುಮಿಜಾವದಲ್ಲಿ ಸೂಲಗಿತ್ತಿಗೆ ಕೆಲಸವಿರಲಿಲ್ಲ. ಊರಿನ ಬಸುರಿಯರನ್ನು ಎಣಿಸಲು ಒಂದು ಕೈ ಬೆರಳು ಸಾಕಾಗುತ್ತಿತ್ತು. ಅರವತ್ತು ವರ್ಷಕ್ಕೊಮ್ಮೆ ಬರುವ ಆ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನನ್ನು ತಿಂದುಕೊಳ್ಳುತ್ತಾಳೆ ಎಂಬ ನಂಬಿಕೆ ನಮ್ಮವರದು. ಗಂಡು ಹುಟ್ಟಿದರೆ ಚಿಂತೆಯಿಲ್ಲ, ಆದರೆ ಹೊಟ್ಟೆಯೊಳಗೆ ಇಣುಕಿ ನೋಡುವವರು ಯಾರು? ಆದ್ದರಿಂದ ಜಾಣರೆಲ್ಲ ಒಂದು ವರ್ಷ ತಡೆದುಕೊಂಡರು. ನಮ್ಮ ಪಂಚಾಂಗದಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿ, ಮುಂದಿನದು ಕುರಿಯ ವರ್ಷ. ಕುರಿ ಯಾರನ್ನೂ ತಿನ್ನುವುದಿಲ್ಲವಂತೆ.

ಅಂದ ಮಾತ್ರಕ್ಕೆ ನಾವೇನು ಕಾಡಿನ ಜನರಾಗಿರಲಿಲ್ಲ. ಯುದ್ಧ ಮುಗಿದು ಇಪ್ಪತ್ತೊಂದು ವರ್ಷವಾಗಿತ್ತು, ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆದು ಎರಡು ವರ್ಷ. ಮನೆಮನೆಗೂ ಟಿವಿ ಬಂದಿತ್ತು, ಅನ್ನ ತಾನಾಗಿ ಬೇಯುವ ಕರೆಂಟಿನ ಪಾತ್ರೆ ಬಂದಿತ್ತು. ನನ್ನ ಗಂಡ ಕಾತ್ಸುಮಿ ಕಣಿವೆಯ ಕೆಳಗಿನ ಗಡಿಯಾರದ ಕಾರ್ಖಾನೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲಿನ ಚಕ್ರಗಳನ್ನು ಕೊರೆಯುತ್ತಿದ್ದ. ಮದುವೆಗೆ ಮುಂಚೆ ನಾನೂ ಅಲ್ಲೇ ಕೂತು ತಿರುಪು ಹಾಕುತ್ತಿದ್ದೆ. ಹಗಲೆಲ್ಲ ಸೆಕೆಂಡನ್ನು ಸೀಳಿ ಅಳೆಯುವ ಈ ಗಂಡಸು ಸಂಜೆ ಮನೆಗೆ ಬಂದು ಪಂಚಾಂಗ ಬಿಡಿಸುತ್ತಿದ್ದ. ಈಗಲೂ ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಆ ವರ್ಷದ ಐದನೇ ತಿಂಗಳಲ್ಲಿ ನಾನು ಬಸುರಿ ಎಂದು ಗೊತ್ತಾಯಿತು. ನನಗೆ ಇಪ್ಪತ್ತಾರು. ಎರಡು ವರ್ಷದ ಹಿಂದೆ ಒಂದು ಕೂಸು ಐದು ತಿಂಗಳಿಗೇ ಹೋಗಿತ್ತು, ಇನ್ನು ನಿಲ್ಲುತ್ತದೋ ಇಲ್ಲವೋ ಎಂದು ಹೆದರಿದ್ದೆ. ನಿಂತಿತು, ಆದರೆ ವರ್ಷ ನೋಡಿಕೊಂಡು ನಿಲ್ಲಲಿಲ್ಲ. ನನ್ನ ಅತ್ತೆ ಶಿಮೊ ಸುದ್ದಿ ಕೇಳಿ ದೇವರ ಗೂಡಿನ ಮುಂದೆ ಹೋಗಿ ಕೂತರು. ಮರುದಿನ ನನಗೆ ಇಷ್ಟವೆಂದು ಹುಳಿಹುಳಿ ಬೇರಿನ ಉಪ್ಪಿನಕಾಯಿ ಹಾಕಿಕೊಟ್ಟು, ತಿನ್ನುವಾಗ ಪಕ್ಕದಲ್ಲಿ ಕೂತು, ಪಟ್ಟಣದ ಡಾಕ್ಟರ ಹತ್ತಿರ ಹೋಗಿ ಬಾ, ಅರ್ಧ ದಿನದ ಕೆಲಸ, ಕಾನೂನೂ ಒಪ್ಪುತ್ತದೆ ಎಂದರು. ಕಾತ್ಸುಮಿ ಟಿವಿ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿದ್ದು ಕಂಡಿತು, ತಿರುಗಿ ಮಾತ್ರ ನೋಡಲಿಲ್ಲ.

ಅತ್ತೆ ಕೆಟ್ಟವರಲ್ಲ. ಇದನ್ನು ಹೇಳದೆ ಮುಂದೆ ಹೋದರೆ ನನಗೇ ಪಾಪ. ಅವರ ಭಯಕ್ಕೆ ಒಂದು ಮುಖವಿತ್ತು, ಆ ಮುಖ ನಮ್ಮ ಮನೆಯ ದೇವರ ಗೂಡಿನಲ್ಲೇ ಇತ್ತು. ಸತ್ತವರ ಹೆಸರು ಬರೆದ ಹಲಗೆಗಳ ನಡುವೆ ಒಂದು ಚಿಕ್ಕ ಫೋಟೊ, ರೇಷ್ಮೆ ಕಾರ್ಖಾನೆಯ ಹುಡುಗಿಯೊಬ್ಬಳದು. ಅದು ಅತ್ತೆಯ ಅಕ್ಕ ಯೊನೆ. ಅದಕ್ಕೂ ಹಿಂದಿನ ಬೆಂಕಿಕುದುರೆ ವರ್ಷ, ಅಂದರೆ ಅರವತ್ತು ವರ್ಷ ಮುಂಚೆ, ಮೀಜಿ ಚಕ್ರವರ್ತಿಯ ಮೂವತ್ತೊಂಬತ್ತನೇ ವರ್ಷದಲ್ಲಿ ಹುಟ್ಟಿದವಳು.

ನಮ್ಮ ಮೊಮೊಸೆ ಮನೆತನದಲ್ಲಿ ಆಗ ಗಂಡುಮಕ್ಕಳಿರಲಿಲ್ಲ. ದೊಡ್ಡ ಮಗಳಿಗೆ ಮನೆ ಅಳಿಯನನ್ನು ತರಬೇಕಿತ್ತು. ಕುನಿಜಿ ಎಂಬ ಒಳ್ಳೆಯ ಹುಡುಗ ಒಪ್ಪಿದ್ದ, ಯೊನೆಗೂ ಅವನ ಮೇಲೆ ಮನಸ್ಸಿತ್ತು. ಆದರೆ ಅವನ ತಾಯಿ ಊರ ಕಚೇರಿಯಲ್ಲಿ ಹುಟ್ಟಿದ ತಾರೀಖು ನೋಡಿಸಿ, ಕುದುರೆ ಹೆಣ್ಣು ಬೇಡವೆಂದು ಕೂತುಬಿಟ್ಟಳು. ಆಮೇಲೆ ಇನ್ನು ಮೂರು ಕಡೆ ಹಾಗೇ ಆಯಿತು. ಜೊತೆಯ ಹುಡುಗಿಯರೆಲ್ಲ ಮದುವೆಯಾಗಿ ಕಾರ್ಖಾನೆ ಬಿಟ್ಟರು. ಯೊನೆ ಮಾತ್ರ ಪ್ರತಿವರ್ಷ ಹಿಮ ಕರಗಿದ ಮೇಲೆ ಬಟ್ಟೆಗಂಟು ಹೊತ್ತು ಮತ್ತೆ ಕಣಿವೆ ದಾಟಿ ಹೋಗುತ್ತಿದ್ದಳು. ಇಪ್ಪತ್ಮೂರಕ್ಕೆ ಎದೆರೋಗ ಹಚ್ಚಿಕೊಂಡು ಬಂದು ಈ ಮನೆಯ ಹಿಂದಿನ ಕೋಣೆಯಲ್ಲಿ ತೀರಿಕೊಂಡಳು. ಅವಳ ಪಾಲಿನ ಮನೆ, ಅಳಿಯ, ಒಲೆ ಎಲ್ಲವೂ ತಂಗಿ ಶಿಮೊಗೆ ಬಂತು. ಅತ್ತೆ ಅದನ್ನು ಯಾವತ್ತೂ ಭಾಗ್ಯ ಎಂದುಕೊಳ್ಳಲಿಲ್ಲ.

ಕುನಿಜಿ ಆಮೇಲೆ ಮದುವೆಯಾದದ್ದು ಯೊನೆಯ ಗೆಳತಿ ಇಸೊಳನ್ನು. ಅದರ ಬಗ್ಗೆ ಅತ್ತೆಗೆ ಮುನಿಸಿರಲಿಲ್ಲ. ಇಸೊ ಅಕ್ಕ ಕುರಿ ವರ್ಷದವಳು, ಕುನಿಜಿಯ ಮನೆಯವರಿಗೆ ಬೇಕಾದದ್ದು ಸಿಕ್ಕಿತು, ಅಷ್ಟೇ ಎನ್ನುತ್ತಿದ್ದರು. ಆ ಇಸೊ ಅಕ್ಕನೇ ನಾವೆಲ್ಲ ಇಸೊ ದೊಡ್ಡಮ್ಮ ಎನ್ನುತ್ತಿದ್ದ ಸೂಲಗಿತ್ತಿ. ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಅತ್ತೆ ಹೇಳಿಕಳಿಸಿದ್ದೂ ಅವರಿಗೇ.

ಅವರು ಬಂದರು. ಕುಳ್ಳಗೆ, ಗಟ್ಟಿಯಾಗಿ, ಸೊಂಟಕ್ಕಿಂತ ಕೈ ದೊಡ್ಡದು ಎನ್ನುವಂಥ ಹೆಂಗಸು. ಆ ವರ್ಷ ಕೆಲಸವಿಲ್ಲದೆ ಮೂಲಂಗಿ ಬೆಳೆಯುತ್ತಿದ್ದುದರಿಂದ ಉಗುರಲ್ಲಿ ಮಣ್ಣಿತ್ತು. ಬಿಸಿನೀರಿನಲ್ಲಿ ಕೈ ತೊಳೆದು, ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡು ನನ್ನ ಹೊಟ್ಟೆಯ ಮೇಲಿಟ್ಟರು. ಎಷ್ಟೋ ಹೊತ್ತು ತೆಗೆಯಲೇ ಇಲ್ಲ. ನಿನಗೇನು ಬೇಕು ಎಂದು ನನ್ನನ್ನು ಕೇಳಿದ್ದು ಆ ಮನೆಯಲ್ಲಿ ಅವರೊಬ್ಬರೇ. ನಾನು ಅತ್ತುಬಿಟ್ಟೆ. ಅದೇ ಉತ್ತರ ಎಂದುಕೊಂಡು ಅವರು ಎದ್ದರು.

"ಶಿಮೊ, ಇದು ವರ್ಷದ ಕೊನೆಗೆ ಬರೋ ಕೂಸು. ಹಿಮ ಬಿದ್ದಿರುತ್ತೆ, ಯಾರೂ ಯಾರ ಮನೆಗೂ ಹೋಗಲ್ಲ. ಹೆರಿಗೆ ನಾನು ಮಾಡಿಸ್ತೀನಿ. ಹುಟ್ಟಿದ ಕಾಗದ ಬರೆಯೋಳು ನಾನೇ ತಾನೆ? ಹೊಸ ವರ್ಷದ ಮೂರನೇ ದಿನ ಅಂತ ಬರೆದರೆ ಕುರಿ ಆಯ್ತು."

ಅತ್ತೆ ಅವರ ಮುಖವನ್ನೇ ನೋಡಿದರು. ಹಿಂದಿನ ಸಲ ಎಷ್ಟೋ ಮನೆಯವರು ಹೀಗೆ ಮಾಡಿದ್ದರೆಂದು ಊರಿಗೆಲ್ಲ ಗೊತ್ತಿತ್ತು, ಯಾರೆಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಆಸ್ಪತ್ರೆಗೆ ಹೋದರೆ ಇದು ನಡೆಯುವುದಿಲ್ಲ, ಅಲ್ಲಿ ಗಡಿಯಾರ ನೋಡಿ ಬರೆಯುತ್ತಾರೆ. ಮಾತು ಕೊಡುತ್ತೀಯಾ ಎಂದು ಅತ್ತೆ ಕೇಳಿದರು. ಕೊಟ್ಟೆ ಎಂದರು ಇಸೊ ದೊಡ್ಡಮ್ಮ. ಅಷ್ಟರಿಂದಲೇ ನನ್ನ ಕೂಸಿನ ಜೀವ ಉಳಿಯಿತು. ಬೆಲೆ ಒಂದು ಸುಳ್ಳು ತಾರೀಖು. ಅವತ್ತು ಅದು ನನಗೆ ತೀರ ಅಗ್ಗವಾಗಿ ಕಂಡಿತು.

ಆಮೇಲೆ ವಾರಕ್ಕೊಮ್ಮೆ ಬಂದು ನನ್ನ ಹೊಟ್ಟೆ ನೋಡುತ್ತಿದ್ದರು, ಕಾಲು ಒತ್ತುತ್ತಿದ್ದರು. ಒತ್ತುತ್ತ ತಮ್ಮ ಬದುಕನ್ನು ತುಂಡುತುಂಡಾಗಿ ಹೇಳುತ್ತಿದ್ದರು. ಕೇಳಿದರೆ ಹೇಳುವವರಲ್ಲ, ಬೇಡವೆಂದರೆ ನಿಲ್ಲಿಸುವವರೂ ಅಲ್ಲ.

ಇದ್ದಿಲು ಸುಡುವವನ ಮಗಳು. ಹದಿಮೂರಕ್ಕೆ ಯೊನೆಯ ಜೊತೆ ರೇಷ್ಮೆ ಕಾರ್ಖಾನೆಗೆ ಹೋದವರು. ಗೂಡನ್ನು ಕುದಿನೀರಿನಲ್ಲಿ ಅದ್ದಿ ಎಳೆ ಹಿಡಿಯುವ ಕೆಲಸ. ದಿನಾ ಬೆಳಿಗ್ಗೆ ಮೇಲ್ವಿಚಾರಕ ಸಾಲಾಗಿ ನಿಲ್ಲಿಸಿ, ಈ ನೂಲು ಅಮೆರಿಕಕ್ಕೆ ಹೋಗುತ್ತದೆ, ಅದರಿಂದ ಬಂದ ದುಡ್ಡಿಗೆ ದೇಶಕ್ಕೆ ಯುದ್ಧನೌಕೆ ಬರುತ್ತದೆ ಎಂದು ಭಾಷಣ ಮಾಡುತ್ತಿದ್ದನಂತೆ. ನಮ್ಮ ಬೆರಳಿನ ಚರ್ಮ ಸುಲಿದು ಎಷ್ಟು ಹಡಗಾದವೋ, ಒಂದನ್ನಾದರೂ ಕರೆದು ತೋರಿಸಲಿಲ್ಲ ಎಂದು ದೊಡ್ಡಮ್ಮ ನಗುತ್ತಿದ್ದರು. ಅವರ ಬೆರಳ ತುದಿ ಕೊನೆಯವರೆಗೂ ನುಣ್ಣಗಿತ್ತು, ಗೆರೆಗಳೇ ಇರಲಿಲ್ಲ.

ಇಪ್ಪತ್ತಕ್ಕೆ ಕುನಿಜಿಯೊಡನೆ ಮದುವೆ. ಅವನು ಅದೇ ಕಾರ್ಖಾನೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ಮೂರು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದವರಿಗೆ ರೇಷ್ಮೆ ಬೇಡವಾಯಿತು, ಕಾರ್ಖಾನೆ ಬಾಗಿಲು ಹಾಕಿತು, ಊರಿನವರು ಗಂಜಿಗೆ ಸೊಪ್ಪು ಬೆರೆಸಿ ಕುಡಿದರು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಮೂತಿ ತಿರುವುತ್ತಿದ್ದಾಗ ಇವರು ಸೂಲಗಿತ್ತಿಯ ಪರೀಕ್ಷೆಗೆ ಓದಿದರು. ಓದಲು ದೀಪದೆಣ್ಣೆ ತಂದುಕೊಟ್ಟವನು ಕುನಿಜಿ. ಅವನ ಮಾತು ಬಂದಾಗ ಮಾತ್ರ ಅವರ ಕೈ ನನ್ನ ಕಾಲಿನ ಮೇಲೆ ನಿಧಾನವಾಗುತ್ತಿತ್ತು.

ಚೀನಾದಲ್ಲಿ ಯುದ್ಧ ಶುರುವಾದ ವರ್ಷ ಕುನಿಜಿಗೆ ಸೇನೆಗೆ ಸೇರಲು ಕರೆಯುವ ಕೆಂಪು ಕಾಗದ ಬಂತು. ಊರೆಲ್ಲ ಬಾವುಟ ಹಿಡಿದು ಕಳಿಸಿಕೊಟ್ಟರು. ಮರುವರ್ಷ ಯಾವುದೋ ನದಿಯ ದಂಡೆಯಲ್ಲಿ ಜ್ವರ ಬಂದು ಸತ್ತನೆಂದು ಸುದ್ದಿ. ದೇಶಕ್ಕೆ ಪ್ರಾಣ ಕೊಟ್ಟವನ ಮನೆ ಎಂದು ಕಚೇರಿಯವರು ಬಾಗಿಲಿಗೆ ಒಂದು ಹಲಗೆ ಹೊಡೆದು ಹೋದರು. ಹೋಗಿಬರುವವರೆಲ್ಲ ಅದಕ್ಕೆ ತಲೆ ಬಾಗಿಸುತ್ತಿದ್ದರು. ತಲೆ ಬಾಗಿಸಿದವರಿಗೆ ಉತ್ತರವಾಗಿ ತಾವೂ ಬಾಗಿ ಬಾಗಿ ತಮ್ಮ ಬೆನ್ನು ಹೀಗೆ ಗೂನಾಯಿತು ಎನ್ನುತ್ತಿದ್ದರು ದೊಡ್ಡಮ್ಮ. ನಾನು ನಕ್ಕೆ. ಅವರು ನಗಲಿಲ್ಲ.

ಆಮೇಲೆ ಸರ್ಕಾರ ಹೆರಿ, ಹೆಚ್ಚಿಸಿ ಎಂದು ಗೋಡೆಗೋಡೆಗೂ ಕಾಗದ ಅಂಟಿಸಿತು. ಹತ್ತು ಹೆತ್ತವಳಿಗೆ ಪ್ರಶಸ್ತಿ. ಇಸೊ ದೊಡ್ಡಮ್ಮ ಮನೆಮನೆಗೆ ಹೋಗಿ ಬಸುರಿಯರ ಹೆಸರು ಬರೆದುಕೊಂಡು ಬರಬೇಕಿತ್ತು. ಅವರು ಎತ್ತಿದ ಎಷ್ಟೋ ಕೂಸುಗಳು ಅಪ್ಪ ಅಮ್ಮನ ಬೆನ್ನಮೇಲೆ, ನಮ್ಮ ಸೇನೆ ಹಿಡಿದುಕೊಂಡಿದ್ದ ಮಂಚೂರಿಯಕ್ಕೆ ಹೋದವು. ಅಲ್ಲಿ ಎಲ್ಲರಿಗೂ ಹೊಲ ಕೊಡುತ್ತೇವೆಂದು ಹೇಳಿ ನಮ್ಮೂರಿಂದ ಹತ್ತೊಂಬತ್ತು ಮನೆಯವರನ್ನು ಸಾಗಿಸಿದ್ದರು. ಬೇರೆಯವರ ಹೊಲ ಎಂದು ಹೇಳಲಿಲ್ಲ. ಸೋತ ಮೇಲೆ ತಿರುಗಿ ಬಂದದ್ದು ನಾಲ್ಕು ಹೆಂಗಸರು, ಒಂದು ಕೂಸು.

ಸೋತು ಮೂರು ವರ್ಷವಾಗಿರಲಿಲ್ಲ, ಅದೇ ಕಚೇರಿಯವರು ಜನ ಹೆಚ್ಚಾದರು, ಹೆರಬೇಡಿ ಎಂದರು. ಅದನ್ನು ಹೇಳಲೂ ಇಸೊ ದೊಡ್ಡಮ್ಮನೇ ಬೇಕಾಯಿತು. ಒಂದು ಸಲ ದೇವಾಲಯದ ಜಗಲಿಯಲ್ಲಿ ಊರ ಹೆಂಗಸರನ್ನು ಕೂರಿಸಿ, ಗಂಡಸರ ರಬ್ಬರ್ ಚೀಲ ಹೇಗೆ ಹಾಕುವುದೆಂದು ಒಂದು ಮೂಲಂಗಿಯ ಮೇಲೆ ಮಾಡಿ ತೋರಿಸಿದರಂತೆ. ನಮ್ಮ ಅತ್ತೆಯೂ ತೋಳಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರು. ಆ ವಾರವೆಲ್ಲ ಊರಿನ ಯಾವ ಮನೆಯಲ್ಲೂ ಮೂಲಂಗಿ ಬೇಯಲಿಲ್ಲ.

"ಆಗ ಹೆರು ಅಂದ್ರು, ಆಮೇಲೆ ಬೇಡ ಅಂದ್ರು, ಈಗ ಪಂಚಾಂಗ ನೋಡ್ಕೊಂಡು ಹೆರು ಅಂತಾರೆ. ಹೊಟ್ಟೆ ನಿಂದು ಕಣೇ ಹುಡುಗಿ. ಅದೊಂದನ್ನ ಯಾರೂ ಹೇಳಲ್ಲ."

ಒಂದು ದಿನ ನಾನು ಕೇಳಿದೆ, ಹಿಂದಿನ ಸಲ ತಾರೀಖು ಬದಲಾಯಿಸಿದವರಿಗೆ ಆಮೇಲೆ ಏನಾದರೂ ತೊಂದರೆಯಾಯಿತೇ ಎಂದು. ನನಗೇನು ಗೊತ್ತು ಎಂದು ಸಿಡುಕಿದರು. ನನ್ನ ಕಾಲು ಒತ್ತುವುದನ್ನು ಅಲ್ಲಿಗೇ ಬಿಟ್ಟು ಚೀಲ ತೆಗೆದುಕೊಂಡು ಹೋದರು. ಮುಂದಿನ ವಾರ ಬರುವಾಗ ಎರಡು ಮೂಲಂಗಿ ತಂದಿದ್ದರು. ಅದು ಅವರ ಕ್ಷಮಾಪಣೆ.

ಹನ್ನೆರಡನೇ ತಿಂಗಳ ಹದಿನೆಂಟಕ್ಕೆ ಬೆಳಗಿನಿಂದ ನೋವು ಬಂತು. ಹೊರಗೆ ಮೊಣಕಾಲುದ್ದ ಹಿಮ. ಇಸೊ ದೊಡ್ಡಮ್ಮ ನನ್ನ ಬೆನ್ನಿಗೆ ತಮ್ಮ ಮೊಣಕಾಲು ಕೊಟ್ಟು ಕೂತರು. ಅತ್ತೆ ನೀರು ಕಾಯಿಸುತ್ತಿದ್ದರು, ನಡುನಡುವೆ ದೇವರ ಗೂಡಿನ ಮುಂದೆ ಹೋಗಿ ನಿಲ್ಲುತ್ತಿದ್ದರು. ಗಂಡಾಗಲಿ ಎಂದು ಬೇಡುತ್ತಿದ್ದಾರೆಂದು ನನಗೆ ಗೊತ್ತಿತ್ತು, ನಾನೂ ಅದನ್ನೇ ಬೇಡಿಕೊಂಡೆ. ನಾಚಿಕೆಯ ಮಾತು, ಆದರೆ ಬೇಡಿಕೊಂಡೆ. ಮಧ್ಯಾಹ್ನದ ಊಟದ ಹೊತ್ತಿಗೆ ಕೂಸು ಬಂತು. ಹೆಣ್ಣು.

ಇಸೊ ದೊಡ್ಡಮ್ಮ ಕೂಸಿನ ಮೈ ಒರೆಸಿ ಗೋಡೆಯ ಗಡಿಯಾರ ನೋಡಿದರು. ಅದನ್ನು ನಾನು ಗಮನಿಸಿದೆ. ಹೇಗೂ ಸುಳ್ಳು ಬರೆಯುವವರಿಗೆ ಗಂಟೆ ಯಾಕೆ ಬೇಕು ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಕೂಸನ್ನು ಎದೆಗೆ ಕೊಟ್ಟರು, ನಾನು ಎಲ್ಲ ಮರೆತೆ.

ಮುಂದಿನ ದಿನಗಳಲ್ಲಿ ಊರಿನ ಪಾಲಿಗೆ ನಮ್ಮ ಮನೆಯಲ್ಲಿ ಕೂಸು ಹುಟ್ಟಿರಲಿಲ್ಲ. ಬಟ್ಟೆಗಳನ್ನು ಹೊರಗೆ ಒಣಗಿಸದೆ ಅಡುಗೆಮನೆಯಲ್ಲೇ ಹಗ್ಗ ಕಟ್ಟಿ ಒಣಗಿಸಿದರು. ಕೂಸಿಗೆ ಅಪ್ಪನ ಮೌನ ಬಂದಿರಲಿಲ್ಲ, ಗಂಟಲು ಹರಿಯುವಂತೆ ಅಳುತ್ತಿತ್ತು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, ನಿಮ್ಮ ಬೆಕ್ಕು ಮರಿ ಹಾಕಿತಾ ಎಂದು ಕೇಳಿದಳು. ಹೌದು ಎಂದರು ಅತ್ತೆ. ನಮ್ಮದು ಗಂಡು ಬೆಕ್ಕು ಎಂದು ಅವಳಿಗೂ ಗೊತ್ತಿತ್ತು. ನಾನು ಹಾಸಿಗೆಯಲ್ಲಿ ಮಲಗಿ ಕೂಸಿನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಮೂರು ದಿನದಲ್ಲಿ ಅದು ನನಗೆ ಅಭ್ಯಾಸವಾಯಿತು. ಹೆತ್ತ ಮಗಳ ಬಾಯಿ ಮುಚ್ಚುವುದು ಅಷ್ಟು ಬೇಗ ಅಭ್ಯಾಸವಾದದ್ದು ನೋಡಿ ನನಗೇ ಭಯವಾಯಿತು.

ಹುಟ್ಟಿದ ಏಳನೇ ದಿನ ಕೂಸಿಗೆ ಹೆಸರಿಟ್ಟು, ಹೆಸರು ಮತ್ತು ತಾರೀಖು ಬರೆದ ಕಾಗದವನ್ನು ದೇವರ ಗೂಡಿನ ಪಕ್ಕ ಅಂಟಿಸುವುದು ಪದ್ಧತಿ. ನಮ್ಮಲ್ಲಿ ಅದೂ ಮುಂದೆ ಹೋಗಿತ್ತು. ಹೊಸ ವರ್ಷದ ಮೂರಕ್ಕೆ ಹುಟ್ಟುವ ಕೂಸಿಗೆ ಒಂಬತ್ತಕ್ಕೆ ಹೆಸರು ಎಂದು ಲೆಕ್ಕವಾಗಿತ್ತು. ಆದ್ದರಿಂದ ಏಳನೇ ದಿನ ಮಧ್ಯಾಹ್ನ ಇಸೊ ದೊಡ್ಡಮ್ಮ ಬರುವಾಗ ಮನೆಯಲ್ಲಿ ಯಾವ ತಯಾರಿಯೂ ಇರಲಿಲ್ಲ. ಭಾನುವಾರವಲ್ಲದಿದ್ದರೂ ಕಾತ್ಸುಮಿ ಕಾರ್ಖಾನೆಗೆ ರಜೆ ಹಾಕಿ ಸೂರಿನ ಹಿಮ ಎಳೆಯುತ್ತಿದ್ದ. ಅವನೇ ಮೊದಲು ನೋಡಿದ್ದು. ಸಲಿಕೆ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದ.

"ಅಮ್ಮ, ಇಸೊ ದೊಡ್ಡಮ್ಮ ಕೆಂಪು ಅಂಗಿ ಹಾಕ್ಕೊಂಡು ಬರ್ತಿದ್ದಾರೆ."

ಅರವತ್ತು ತುಂಬಿ ಹುಟ್ಟಿದ ವರ್ಷವೇ ತಿರುಗಿ ಬಂದಾಗ ನಮ್ಮಲ್ಲಿ ಹಿರಿಯರಿಗೆ ಕೂಸಿನ ಬಟ್ಟೆಯಂಥ ಕೆಂಪು ಅಂಗಿ ತೊಡಿಸುತ್ತಾರೆ, ತೋಳಿಲ್ಲದ, ಹತ್ತಿ ತುಂಬಿದ ಅಂಗಿ. ಅದು ಹುಟ್ಟಿದ ವರ್ಷದಲ್ಲಿ ಮಾತ್ರ ತೊಡುವಂಥದ್ದು. ಇಸೊ ದೊಡ್ಡಮ್ಮ ಕುರಿ ವರ್ಷದವರು, ಅವರದು ಮುಂದಿನ ವರ್ಷ. ಈ ವರ್ಷ ಕೆಂಪು ತೊಟ್ಟರೆ ಅದಕ್ಕೆ ಒಂದೇ ಅರ್ಥ, ಅದನ್ನು ನಮ್ಮೂರಿನ ಐದು ವರ್ಷದ ಕೂಸೂ ಹೇಳುತ್ತದೆ. ಮೇಲಾಗಿ ಅವರು ಹಿತ್ತಲ ದಾರಿ ಹಿಡಿದು ಬಂದಿರಲಿಲ್ಲ. ಹಾಡುಹಗಲಲ್ಲಿ, ಬಿಳಿಯ ಹಿಮದ ನಡುವೆ, ಸೊಸೈಟಿ ಅಂಗಡಿಯ ಮುಂದಿನಿಂದ, ಬಸ್ಸಿಗೆ ಕಾದವರ ಮುಂದಿನಿಂದ ನಡೆದು ಬಂದಿದ್ದರು.

ಒಳಗೆ ಬಂದು ಹಿಮ ಕೊಡವಿಕೊಂಡು, ಅಡಿಯಲ್ಲಿ ಕೆಂಡವಿಟ್ಟ ಮೇಜಿನ ಬೆಚ್ಚನೆಯ ಹೊದಿಕೆಯೊಳಗೆ ಕಾಲು ತೂರಿಸಿ ಕೂತರು. ಅಂಗಿಯ ಹೊಲಿಗೆ ವಕ್ರವಾಗಿತ್ತು. ಮಕ್ಕಳಿದ್ದರೆ ಮಕ್ಕಳು ಹೊಲಿಸಿಕೊಡುವುದು, ಇವರು ತಾವೇ ಹೊಲಿದುಕೊಂಡಿದ್ದರು. ಎದೆಯೊಳಗಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಹುಟ್ಟಿದ ಕಾಗದ. ಹನ್ನೆರಡನೇ ತಿಂಗಳು, ಹದಿನೆಂಟನೇ ತಾರೀಖು, ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ, ಹೆಣ್ಣು.

ಅತ್ತೆ ಓದಿದರು. ಓದಿ ಕಾಗದವನ್ನು ಮೇಜಿನಾಚೆಗೆ ತಳ್ಳಿದರು.

"ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ. ಸುಳ್ಳು ಮಾತು. ಕೂಸು ಹೊರಗೆ ಬರಲಿ ಅಂತ ಕೊಟ್ಟೆ. ನನ್ನನ್ನ ಬೈಯೋದಿದ್ರೆ ಆಮೇಲೆ ಬೈಯಿ, ಮೊದಲು ಕೂತ್ಕೋ."

ಅತ್ತೆ ಕೂರಲಿಲ್ಲ. ನಾನು ಕೂಸನ್ನು ಎತ್ತಿಕೊಂಡು ಬಾಗಿಲ ಹತ್ತಿರ ಬಂದಿದ್ದೆ.

"ನಾನು ಕುರಿ ಅಲ್ಲ ಶಿಮೊ. ನಿನ್ನ ಅಕ್ಕನಿಗಿಂತ ಹದಿನೇಳು ದಿನ ಚಿಕ್ಕೋಳು, ಅಷ್ಟೇ. ನಮ್ಮಪ್ಪ ಹಳೆ ಪಂಚಾಂಗದ ಹೊಸ ವರ್ಷವೂ ದಾಟಲಿ ಅಂತ ಐದು ತಿಂಗಳು ಕಾದು, ಆಮೇಲೆ ಕಚೇರಿಗೆ ಹೋಗಿ ನಿನ್ನೆ ಹುಟ್ತು ಅಂತ ಬರೆಸಿದ. ಅಮ್ಮ ನನ್ನನ್ನ ಬೆನ್ನಿಗೆ ಕಟ್ಕೊಂಡು ಜೊತೇಲಿ ಹೋಗಿದ್ಲು, ಅಷ್ಟೂ ಬುದ್ಧಿ ಇರ್ಲಿಲ್ಲ ಅವರಿಗೆ. ನಿನ್ನೆ ಹುಟ್ಟಿದ್ದಕ್ಕೆ ಎರಡು ಹಲ್ಲು ಬಂದಿದೆಯಲ್ಲ ಅಂದನಂತೆ ಗುಮಾಸ್ತ. ಅಂದು, ಬರ್ಕೊಂಡ. ಅವನ ಮಗಳದೂ ಹಾಗೇ ಬರ್ಕೊಂಡಿದ್ದ."

ಅತ್ತೆ ಈಗ ಗೋಡೆ ಹಿಡಿದುಕೊಂಡು ನಿಂತಿದ್ದರು. ಇಸೊ ದೊಡ್ಡಮ್ಮ ಮೇಜನ್ನು ನೋಡಿಕೊಂಡೇ ಮಾತಾಡಿದರು. ಕುನಿಜಿಯ ತಾಯಿ ಕುದುರೆ ಬೇಡವೆಂದು ಯೊನೆಯನ್ನು ಬಿಟ್ಟು, ಇನ್ನೊಂದು ಕುದುರೆಯನ್ನೇ ಮನೆಗೆ ತಂದುಕೊಂಡಳು. ಆ ಮದುವೆಯ ಬೆಳಿಗ್ಗೆ ಯೊನೆ ಬಂದು ತಮ್ಮ ಕೂದಲು ಬಾಚಿ ಕಟ್ಟಿದಳು. ಚೆನ್ನಾಗಿ ಬಾಳು ಎಂದಳು. ಹೇಳಬೇಕಾದರೆ ಅವತ್ತು ಹೇಳಬೇಕಿತ್ತು, ಬಾಯಿ ಬರಲಿಲ್ಲ ಎಂದರು.

"ನಮ್ಮಪ್ಪ ಮೇಷ್ಟ್ರು," ಎಂದರು ಅತ್ತೆ. ಅವರ ಧ್ವನಿ ನನಗೆ ಗುರುತೇ ಸಿಗಲಿಲ್ಲ. "ಕಾಲ ಬದಲಾಗಿದೆ, ಕುದುರೆ ಗಿದುರೆ ಎಲ್ಲ ಮೂಢರ ಮಾತು ಅಂತ ನಿಜ ಬರೆಸಿದರು. ನಿಜ ಅವಳಿಗೆ ಏನು ಕೊಡ್ತು? ನಿಮ್ಮಪ್ಪ ಸುಳ್ಳು ಬರೆಸಿದ, ನೀನು ಬದುಕಿದೆ. ಈಗ ನನ್ನ ಮೊಮ್ಮಗಳಿಗೆ ಮಾತ್ರ ನಿಜ ಬೇಕಾ?"

ಅತ್ತೆಯ ಮಾತೇ ಸರಿ ಎಂದು ನನಗನ್ನಿಸಿತು. ಕೂಸನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

"ನಮ್ಮ ತರಗತೀಲಿ ಹನ್ನೊಂದು ಹುಡುಗೀರು," ಎಂದರು ಇಸೊ ದೊಡ್ಡಮ್ಮ. "ಕಾಗದದ ಮೇಲೆ ಹತ್ತು ಜನ ಕುರಿಗಳು, ಎಲ್ಲರೂ ಆ ಒಂದೇ ಚಳಿಗಾಲದ ಕೊನೇಲಿ ಹುಟ್ಟಿದವರು. ಅದು ಹೇಗೆ ಅಂತ ಯಾರೂ ಕೇಳಲಿಲ್ಲ. ಪ್ರತಿ ಮನೆಯವರೂ ತಮ್ಮ ಮಗಳನ್ನ ಬಚ್ಚಿಟ್ರು. ಹೊರಗೆ ಉಳಿದೋಳು ಯೊನೆ ಒಬ್ಬಳೇ. ನಿಜ ಅವಳನ್ನ ಕೊಲ್ಲಲಿಲ್ಲ ಶಿಮೊ. ಹತ್ತು ಜನಾನೂ ಕುದುರೆಗಳೇ ಅಂತ ಹೇಳಿದ್ದಿದ್ರೆ ಊರಿನ ಗಂಡುಗಳು ಯಾರನ್ನ ಮದುವೆ ಆಗ್ತಿದ್ರು? ನಾವೆಲ್ಲ ಕುರಿ ಆಗಿ ಅವಳನ್ನ ಒಂಟಿ ಮಾಡಿದ್ವಿ. ಈ ಕೂಸಿನ ಜೊತೆಗೆ ಈ ವರ್ಷ ಈ ಊರಲ್ಲಿ ಇನ್ನೆರಡು ಹೆಣ್ಣು ಹುಟ್ಟಿವೆ, ನಾನೇ ಎತ್ತಿದ್ದು. ಅವನ್ನ ಒಂಟಿ ಮಾಡೋಕೆ ನನ್ನ ಕೈ ಇನ್ನೊಂದು ಸಲ ಬರೆಯಲ್ಲ."

ಆಮೇಲೆ ತಮ್ಮ ಗಂಡನ ಮಾತು ತೆಗೆದರು. ಕುನಿಜಿ ಸತ್ತ ಸುದ್ದಿ ಬಂದಾಗ ನಾನೇ ತಿಂದೆ ಎಂದು ನಂಬಿದ್ದರಂತೆ. ಬಾಗಿಲಿನ ಹಲಗೆಗೆ ಜನ ತಲೆ ಬಾಗಿಸಿದಾಗಲೆಲ್ಲ, ಕೊಂದವಳಿಗೆ ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರಂತೆ. ಏಳೆಂಟು ವರ್ಷ ಹಾಗೇ ಬದುಕಿದರು. ಕೊನೆಗೆ ಅತ್ತೆಯ ಗಂಡನೂ, ಅಂದರೆ ನಾನು ನೋಡದ ನನ್ನ ಮಾವ, ಫಿಲಿಪ್ಪೀನ್ಸಿನ ಕಾಡಿನಿಂದ ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯಾಗಿ ಬಂದರು. ಪೆಟ್ಟಿಗೆಯೊಳಗೆ ಮೂಳೆ ಬೂದಿಯ ಬದಲು ಒಂದು ಕಲ್ಲು ಮಾತ್ರ ಇತ್ತು. ಅವತ್ತು ಅತ್ತೆಯ ಪಕ್ಕದಲ್ಲಿ ಕೂತಿದ್ದವರು ಇಸೊ ದೊಡ್ಡಮ್ಮ.

"ಈ ಊರಿಂದ ನಲವತ್ಮೂರು ಗಂಡಸರು ಹೋದೋರು ಬರಲಿಲ್ಲ. ನಲವತ್ಮೂರು ಹೆಂಡತಿಯರೂ ಕುದುರೆಗಳಾ? ನೀನು ಇಲಿ ವರ್ಷದವಳು. ನಿನ್ನ ಗಂಡನ್ನ ಯಾರು ತಿಂದರು ಶಿಮೊ?"

ಅತ್ತೆ ಗೋಡೆಗೆ ಒರಗಿ ಕೆಳಗೆ ಕುಸಿದು, ಸೊಂಟದ ಮುಂದೆ ಕಟ್ಟಿದ್ದ ಅಡುಗೆಬಟ್ಟೆಯಲ್ಲಿ ಮುಖ ಮುಚ್ಚಿಕೊಂಡರು. ಯುದ್ಧ ಮುಗಿದು ಇಪ್ಪತ್ತೊಂದು ವರ್ಷದಲ್ಲಿ ಅಮ್ಮ ಅತ್ತಿದ್ದನ್ನು ತಾನು ನೋಡಿರಲಿಲ್ಲ ಎಂದು ಆಮೇಲೆ ಕಾತ್ಸುಮಿ ಹೇಳಿದ. ಆಗ ಅವನು ಸಲಿಕೆಯನ್ನು ಮೂಲೆಗಿಟ್ಟು, ಕೈ ಒರೆಸಿಕೊಂಡು, ಕಪಾಟಿನಿಂದ ಮಸಿ, ಕುಂಚ ಮತ್ತು ಕಾಗದ ತಂದು ಕೂತ. ನಾವಿಬ್ಬರೇ ಪಿಸುಗುಟ್ಟಿ ಆರಿಸಿಕೊಂಡಿದ್ದ ಹೆಸರನ್ನು ದೊಡ್ಡದಾಗಿ ಬರೆದ. ಫುಯುಮಿ. ಪಕ್ಕದಲ್ಲಿ ತಾರೀಖು ಬರೆಯುವಾಗ ಒಂದು ಕ್ಷಣ ಕುಂಚ ನಿಂತಿತು. ಆಮೇಲೆ ಹನ್ನೆರಡನೇ ತಿಂಗಳ ಹದಿನೆಂಟು ಎಂದು ಬರೆದ. ನಾನು ಆ ಮನುಷ್ಯನನ್ನು ಕ್ಷಮಿಸಿದ್ದು ಅವತ್ತೇ.

ಆ ಕಾಗದ ಈಗ ಫುಯುಮಿಯ ಮನೆಯಲ್ಲಿದೆ. ಶಾಲೆಯಲ್ಲಿ ಅವಳ ತರಗತಿಗೆ ಒಂಬತ್ತೇ ಮಕ್ಕಳಿದ್ದುದರಿಂದ ಆಟಕ್ಕೆ ಜನ ಸಾಲದೆ ಎಲ್ಲರೂ ಎಲ್ಲ ಆಟವನ್ನೂ ಆಡಿದರು. ಮದುವೆಗೆ ಯಾರೂ ತಾರೀಖು ಕೇಳಲಿಲ್ಲ. ಅವಳ ಗಂಡ ಇವತ್ತಿಗೂ ಗುಂಡಗೆ ಇದ್ದಾನೆ, ಯಾರೂ ತಿಂದ ಲಕ್ಷಣವಿಲ್ಲ. ಈ ವರ್ಷ ಕುದುರೆ ಮತ್ತೆ ಬಂದಿದೆ, ಅವಳಿಗೆ ಅರವತ್ತು, ನಾನು ಕನ್ನಡಕ ಹಾಕಿಕೊಂಡು ಕೆಂಪು ಬಟ್ಟೆ ಹೊಲಿಯುತ್ತಿದ್ದೇನೆ. ನನ್ನ ಹೊಲಿಗೆಯೂ ವಕ್ರ.

ಆದರೆ ಅವತ್ತಿನ ಮಾತು ಇನ್ನೂ ಮುಗಿದಿಲ್ಲ. ಕಾತ್ಸುಮಿ ಕಾಗದ ಅಂಟಿಸಿದ ಮೇಲೆ ಅತ್ತೆ ಕಣ್ಣೊರೆಸಿಕೊಂಡು ಎದ್ದರು. ಇಸೊ ದೊಡ್ಡಮ್ಮನ ಮುಂದೆ ಹೋಗಿ ನಿಂತರು.

"ಆ ಅಂಗಿ ಬಿಚ್ಚು, ಅಕ್ಕ."

ಮನೆಯಿಂದ ಎದ್ದು ಹೋಗು ಎನ್ನುತ್ತಾರೇನೋ ಎಂದು ನಾನು ಹೆದರಿದೆ. ಇಸೊ ದೊಡ್ಡಮ್ಮನೂ ಹಾಗೇ ತಿಳಿದಿರಬೇಕು. ಗಂಟು ಬಿಚ್ಚಿ, ಅಂಗಿ ತೆಗೆದುಕೊಟ್ಟು, ಆ ಚಳಿಯಲ್ಲಿ ಹೆಗಲು ಕುಗ್ಗಿಸಿಕೊಂಡು ಕೂತರು. ಅತ್ತೆ ತಾವು ತೊಟ್ಟಿದ್ದ ಹತ್ತಿಯ ಮೇಲಂಗಿಯನ್ನು ಬಿಚ್ಚಿ ಅವರ ಹೆಗಲಿಗೆ ಹೊದಿಸಿದರು. ಆಮೇಲೆ ಕೆಂಪು ಅಂಗಿಯ ವಕ್ರ ಹೊಲಿಗೆಯನ್ನು ಬೆರಳಿನಿಂದ ನೇವರಿಸಿ ಮಡಿಸಿ, ಎರಡೂ ಕೈಯಲ್ಲಿ ಹಿಡಿದು ದೇವರ ಗೂಡಿನ ಹತ್ತಿರ ಹೋದರು.

"ಯೊನೆಗೂ ಈ ವರ್ಷವೇ ಅರವತ್ತು," ಎಂದರು. "ನಿನಗಿಂತ ಹದಿನೇಳು ದಿನ ದೊಡ್ಡೋಳು. ಮೊದಲು ಅವಳು ಹಾಕ್ಕೊಳ್ಳಲಿ."